ಭತ್ತದ ಕ್ಲೋರೋಪ್ಲಾಸ್ಟ್ ಜೀನೋಮ್: ಕಂಡ ವ್ಯತ್ಯಾಸ ತಳಿಯದೋ, ತಪ್ಪಿನದೋ?

ಇಂಡಿಕಾ ಗುಂಪಿನ 93-11 ತಳಿಯನ್ನೂ ತಾಯಿಯ ಕಡೆಯಿಂದ ಜಪೋನಿಕಾ ಕ್ಲೋರೋಪ್ಲಾಸ್ಟ್ ಪಡೆದ ಪಿಎ64ಎಸ್ ತಳಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದ ಲೆಕ್ಕ 2004ರಲ್ಲಿ ಪ್ರಕಟವಾಯಿತು. ಒಂದರ ಕ್ಲೋರೋಪ್ಲಾಸ್ಟ್ ಜೀನೋಮ್ (ಗರಿಯ ಹಸಿರು ಕಣಗಳೊಳಗಿನ ಪೂರ್ತಿ ಡಿಎನ್‌ಎ) 134,496 ಬೇಸ್ (ಡಿಎನ್‌ಎಯ ಒಂದೊಂದು ಅಕ್ಷರ) ಉದ್ದ, ಇನ್ನೊಂದರದು 134,551. ಇಡೀ ಉದ್ದದಲ್ಲಿ ಸಿಕ್ಕಿದ್ದು 72 ಒಂಟಿ ಬೇಸ್ ವ್ಯತ್ಯಾಸ, 27 ಸೇರ್ಪಡೆ ಅಥವಾ ಲೋಪ, ಅಷ್ಟೇ. ಭತ್ತದ ಎರಡು ದೊಡ್ಡ ಗುಂಪುಗಳ ನಡುವೆಯೇ ಅಂತರ ಇಷ್ಟು ಚಿಕ್ಕದು. ಹಾಗಿರುವಾಗ ರಾಜಮುಡಿಗೂ ರತ್ನಚೂಡಿಗೂ ನಡುವೆ 400 ವ್ಯತ್ಯಾಸ ಇದೆ ಎಂದು ನಿಮ್ಮ ಪಟ್ಟಿ ಹೇಳಿದರೆ, ಅದು ಹೊಸ ಶೋಧ ಎಂದುಕೊಳ್ಳುವ ಮೊದಲು ದಾರಿಯಲ್ಲಿ ಎಲ್ಲೋ ಎಡವಟ್ಟಾಗಿದೆ ಎಂದುಕೊಳ್ಳಿ. ಒಂದೇ ಪ್ರಭೇದದೊಳಗಿನ ಕ್ಲೋರೋಪ್ಲಾಸ್ಟ್ ಕೆಲಸದ ಕಷ್ಟ ಇದು: ನಿಜವಾದ ವ್ಯತ್ಯಾಸಗಳು ಬೆರಳೆಣಿಕೆಯಷ್ಟು, ಹಾಗಾಗಿ ಹತ್ತು ಸುಳ್ಳು ವ್ಯತ್ಯಾಸಗಳು ನುಸುಳಿದರೂ ವಂಶವೃಕ್ಷವೇ ಅಡಿಮೇಲಾಗುತ್ತದೆ.

ಇಲ್ಲಿನ ಲೆಕ್ಕಗಳೆಲ್ಲ ಒಂದು ಸಾಮಾನ್ಯ ಏರ್ಪಾಡಿಗೆ ಹೊಂದುವಂಥವು: ಎಳೆಗರಿಯ ಒಟ್ಟು ಡಿಎನ್‌ಎ, ಇಲ್ಯುಮಿನಾ ಯಂತ್ರದಲ್ಲಿ ಎರಡೂ ತುದಿಯಿಂದ 150 ಬೇಸ್ ಓದು, ತಳಿಯೊಂದಕ್ಕೆ ಸುಮಾರು 100 ಕೋಟಿ ಬೇಸ್ ಡೇಟಾ, ಅಂದರೆ ಸುಮಾರು 33 ಲಕ್ಷ ಜೋಡಿ ರೀಡ್ (ಯಂತ್ರ ಒಮ್ಮೆಗೆ ಓದಿದ ತುಣುಕು). ರೆಫರೆನ್ಸ್ (ಹೋಲಿಕೆಯ ಮಾದರಿ) ಆಗಿ 1989ರಲ್ಲಿ ಪ್ರಕಟವಾದ ಜಪೋನಿಕಾ ಭತ್ತದ ಕ್ಲೋರೋಪ್ಲಾಸ್ಟ್ ಜೀನೋಮ್, 134,525 ಬೇಸ್. ಅದರ ಒಳರಚನೆ ನೆನಪಿರಲಿ, ಮುಂದೆ ಮತ್ತೆ ಮತ್ತೆ ಬೇಕಾಗುತ್ತದೆ: ದೊಡ್ಡ ಒಂಟಿ ಪ್ರತಿ ಭಾಗ 80,592, ಚಿಕ್ಕ ಒಂಟಿ ಪ್ರತಿ ಭಾಗ 12,335, ಇವೆರಡರ ನಡುವೆ ಒಂದಕ್ಕೊಂದು ತಲೆಕೆಳಗಾಗಿ ನಿಂತ, ಒಂದೇ ಬರಹದ ಎರಡು ಇನ್ವರ್ಟೆಡ್ ರಿಪೀಟ್, ತಲಾ 20,799.

ಮೊದಲು ಡೆಪ್ತ್ ಲೆಕ್ಕ ಹಾಕಿ

ಡೆಪ್ತ್ ಎಂದರೆ ಒಂದು ಬೇಸನ್ನು ಸರಾಸರಿ ಎಷ್ಟು ರೀಡ್ ಓದಿವೆ ಎಂಬ ಲೆಕ್ಕ. ಯಾವ ದೋಷವನ್ನು ಹುಡುಕುವ ಮೊದಲೂ ಮೂರು ಸಂಖ್ಯೆಗಳು ಕೈಯಲ್ಲಿರಬೇಕು: ಕ್ಲೋರೋಪ್ಲಾಸ್ಟ್ ಡೆಪ್ತ್, ಮೈಟೋಕಾಂಡ್ರಿಯ ಡೆಪ್ತ್, ನ್ಯೂಕ್ಲಿಯಸ್ ಡೆಪ್ತ್. ಗರಿಯ ಡಿಎನ್‌ಎಯಲ್ಲಿ ಹತ್ತರಲ್ಲೊಂದು ಪಾಲು ಕ್ಲೋರೋಪ್ಲಾಸ್ಟ್‌ನದು ಎಂದಿಟ್ಟುಕೊಳ್ಳಿ. 10 ಕೋಟಿ ಬೇಸನ್ನು 134,525ರಿಂದ ಭಾಗಿಸಿದರೆ ಸುಮಾರು 740 ಪಟ್ಟು. ಉಳಿದ ಡೇಟಾವನ್ನು ಸುಮಾರು 39 ಕೋಟಿ ಬೇಸಿನ ನ್ಯೂಕ್ಲಿಯಸ್ ಜೀನೋಮಿಗೆ ಹಂಚಿದರೆ ಅಲ್ಲಿ ಬರುವುದು ಎರಡೂಕಾಲು ಪಟ್ಟು ಮಾತ್ರ. ಭತ್ತದ ಮೈಟೋಕಾಂಡ್ರಿಯ ಜೀನೋಮ್ 490,520 ಬೇಸ್. ಅದಕ್ಕೆ ಡೇಟಾದ 1ರಿಂದ 2 ಶೇಕಡ ಹೋದರೆ 20ರಿಂದ 40 ಪಟ್ಟು.

ಇವು ಉದಾಹರಣೆಯ ಅಂಕಿಗಳು. ನಿಮ್ಮ ಮಾದರಿಯ ಅಂಕಿಗಳನ್ನು ನೀವೇ ಅಳೆಯಿರಿ: ಮೈಟೋಕಾಂಡ್ರಿಯಕ್ಕೆ ಕಾಕ್ಸ್1ನಂಥ ಜೀನ್, ನ್ಯೂಕ್ಲಿಯಸ್ಸಿಗೆ ಒಂದೇ ಪ್ರತಿಯಿರುವ ಹತ್ತು-ಹದಿನೈದು ಜೀನ್ ತೆಗೆದುಕೊಂಡು, ಅವುಗಳ ಡೆಪ್ತ್‌ನ ಮಧ್ಯಾಂಕ ಬರೆದಿಡಿ. ಬೇರಿನಿಂದಲೋ ಬೀಜದಿಂದಲೋ ಡಿಎನ್‌ಎ ತೆಗೆದಿದ್ದರೆ ಕ್ಲೋರೋಪ್ಲಾಸ್ಟ್ ಪಾಲು ಬಹಳ ತಗ್ಗಿರುತ್ತದೆ. ಆಗ ಕೆಳಗಿನ ಅನುಪಾತಗಳೆಲ್ಲ ಬದಲಾಗುತ್ತವೆ.

ಡಿಎನ್‌ಎ ಹಂತದ ತೊಂದರೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಡಿಎನ್‌ಎ ಅಳೆಯುವ ಕ್ವಿಬಿಟ್ ಯಂತ್ರ ಕಡಿಮೆ ತೋರಿಸಿ ನ್ಯಾನೋಡ್ರಾಪ್ ಯಂತ್ರ ಹೆಚ್ಚು ತೋರಿಸಿದರೆ ಆರ್‌ಎನ್‌ಎ ಉಳಿದಿದೆ, ಆರ್‌ಎನ್‌ಏಸ್ ಮತ್ತೊಮ್ಮೆ ಹಾಕಿ. 260/230 ಅನುಪಾತ (ಶುದ್ಧತೆಯ ಅಳತೆ) 1.5ಕ್ಕಿಂತ ಕೆಳಗಿದ್ದು ದ್ರಾವಣ ಲೋಳೆಯಾಗಿದ್ದರೆ ಅದು ಪಾಲಿಸ್ಯಾಕರೈಡ್. ಅರ್ಧ ಪ್ರಮಾಣ 5 ಮೋಲಾರ್ ಉಪ್ಪಿನ ದ್ರಾವಣ ಸೇರಿಸಿ ಎಥನಾಲ್‌ನಲ್ಲಿ ಮತ್ತೆ ಇಳಿಸಿ. ಅದಕ್ಕೂ ಒಳ್ಳೆಯದು, ಸಸಿಗಳನ್ನು 36ರಿಂದ 48 ಗಂಟೆ ಕತ್ತಲಲ್ಲಿಟ್ಟು ಆಮೇಲೆ ಗರಿ ಕೊಯ್ಯುವುದು. ಪಿಷ್ಟ ಕರಗಿರುತ್ತದೆ, 2 ಶೇಕಡ ಸಿಟಿಎಬಿ (ಡಿಎನ್‌ಎ ಬಿಡಿಸುವ ಮಾರ್ಜಕ), 65 ಡಿಗ್ರಿ, ಮುಕ್ಕಾಲು ಗಂಟೆಯ ಮಾಮೂಲಿ ವಿಧಾನವೇ ಸಾಕಾಗುತ್ತದೆ.

ಜೋಡಣೆ ಮುಗಿದರೂ ವೃತ್ತ ಮುಚ್ಚದಿದ್ದರೆ

ರೀಡ್‌ಗಳನ್ನು ಜೀನೋಮಾಗಿ ಜೋಡಿಸುವ ಗೆಟ್‌ಆರ್ಗನೆಲ್ ಸಾಫ್ಟ್‌ವೇರ್ ಓಡಿಸಿದ ಮೇಲೆ ಬರುವ ಗ್ರಾಫ್ ಕಡತವನ್ನು ಬ್ಯಾಂಡೇಜ್ ಎಂಬ ಚಿತ್ರಣದ ಸಾಫ್ಟ್‌ವೇರ್‌ನಲ್ಲಿ ತೆರೆದು ನೋಡದೆ ಮುಂದೆ ಹೋಗಬೇಡಿ. ಸರಿಯಾದ ಭತ್ತದ ಗ್ರಾಫ್ ಡಂಬೆಲ್ ಹಾಗೆ ಕಾಣುತ್ತದೆ: ಒಂದು ದೊಡ್ಡ ಕುಣಿಕೆ, ಒಂದು ಚಿಕ್ಕ ಕುಣಿಕೆ, ನಡುವೆ ಒಂದು ಹಿಡಿ. ಹಿಡಿಯೇ ಇನ್ವರ್ಟೆಡ್ ರಿಪೀಟ್. ಅದರ ಡೆಪ್ತ್ ಕುಣಿಕೆಗಳ ಡೆಪ್ತ್‌ಗೆ ಎರಡರಷ್ಟು ಇರಬೇಕು. ಇಷ್ಟಿದ್ದರೆ ಜೋಡಣೆ ಮುಗಿದಂತೆಯೇ.

ಗ್ರಾಫಿನಲ್ಲಿ ಸಡಿಲ ತುದಿಗಳು ಉಳಿದಿದ್ದರೆ ಆ ತುದಿಯ ಕೊನೆಯ 200 ಬೇಸ್ ಓದಿ. ಎ-ಟಿ ತುಂಬಿದ ಅಂತರಜೀನ್ ಜಾಗವಾಗಿದ್ದು, ಅಲ್ಲಿ ಡೆಪ್ತ್ ಸರಾಸರಿಯ ಹತ್ತರಲ್ಲೊಂದು ಪಾಲಿಗೆ ಕುಸಿದಿದ್ದರೆ ತಪ್ಪು ಲೈಬ್ರರಿಯದು (ಯಂತ್ರಕ್ಕೆಂದು ಸಿದ್ಧಪಡಿಸಿದ ಡಿಎನ್‌ಎ ತುಣುಕುಗಳ ಸಂಗ್ರಹ). ಪಿಸಿಆರ್ ಸುತ್ತುಗಳು ಹೆಚ್ಚಾದಷ್ಟೂ ಎ-ಟಿ ಹೆಚ್ಚಿರುವ ತುಣುಕುಗಳು ಹಿಂದೆ ಬೀಳುತ್ತವೆ. ಸಾಫ್ಟ್‌ವೇರ್ ತಿರುಪಿದರೆ ಇದು ಸರಿಹೋಗುವುದಿಲ್ಲ. ಪಿಸಿಆರ್ ಇಲ್ಲದ ಲೈಬ್ರರಿ, ಇಲ್ಲವೇ ಹೆಚ್ಚು ಡೇಟಾ.

ತುದಿಗಳು ಸಡಿಲವಾಗಿಲ್ಲ, ಬದಲಿಗೆ ಬಲೆಯಂತೆ ಹತ್ತಾರು ಸಣ್ಣ ಎಳೆಗಳು ಅಂಟಿಕೊಂಡಿವೆ ಎಂದರೆ ಕಾರಣ ತದ್ವಿರುದ್ಧ. ಡೇಟಾ ಜಾಸ್ತಿಯಾಗಿ ಮೈಟೋಕಾಂಡ್ರಿಯದ ತುಣುಕುಗಳೂ ಸಾಕಷ್ಟು ಡೆಪ್ತ್ ಪಡೆದು ಒಳಗೆ ಬಂದಿವೆ. ಭತ್ತದ ಮೈಟೋಕಾಂಡ್ರಿಯ ಜೀನೋಮಿನ ಸುಮಾರು 6 ಶೇಕಡ ಭಾಗ ಕ್ಲೋರೋಪ್ಲಾಸ್ಟ್‌ನಿಂದಲೇ ಹೋಗಿ ಕೂತದ್ದು, ಹಾಗಾಗಿ ಗ್ರಾಫಿನಲ್ಲಿ ಎರಡೂ ಹೆಣೆದುಕೊಳ್ಳುವುದು ಸಹಜ. ರೀಡ್‌ಗಳನ್ನು ಕ್ಲೋರೋಪ್ಲಾಸ್ಟ್‌ಗೆ 200ರಿಂದ 300 ಪಟ್ಟು ಸಿಗುವಷ್ಟಕ್ಕೆ ಇಳಿಸಿ, ವರ್ಡ್ ಸೈಜ್ (ರೀಡ್ ಹೆಕ್ಕಲು ಹೊಂದಬೇಕಾದ ತುಂಡಿನ ಉದ್ದ) ಸ್ವಲ್ಪ ಏರಿಸಿ, ಮತ್ತೆ ಓಡಿಸಿ. ಕೆ-ಮರ್‌ಗಳಾಗಿ (ಜೋಡಣೆಗೆಂದು ರೀಡನ್ನು ತುಂಡರಿಸುವ ಉದ್ದ) 21, 45, 65, 85, 105 ಕೊಟ್ಟರೆ 150 ಬೇಸಿನ ರೀಡ್‌ಗಳಿಗೆ ಸಾಲುತ್ತದೆ. ಆಮೇಲೂ ಉಳಿದ ಎಳೆಗಳಲ್ಲಿ ಡೆಪ್ತ್ ಮುಖ್ಯ ಎಳೆಯ ಹತ್ತರಲ್ಲೊಂದಕ್ಕಿಂತ ಕಡಿಮೆ ಇರುವುದನ್ನು ಬ್ಯಾಂಡೇಜ್‌ನಲ್ಲೇ ಅಳಿಸಬಹುದು. ಅಳಿಸಿದ್ದನ್ನು ಬರೆದಿಡಿ.

ನೋವೋಪ್ಲಾಸ್ಟಿ ಎಂಬ ಇನ್ನೊಂದು ಜೋಡಣೆ ಸಾಫ್ಟ್‌ವೇರ್ ಬಳಸುವವರು ಸಾಮಾನ್ಯವಾಗಿ ಮಾಡುವ ತಪ್ಪು ಬೇರೆ: ರೀಡ್‌ಗಳನ್ನು ಗುಣಮಟ್ಟದ ಆಧಾರದ ಮೇಲೆ ಕತ್ತರಿಸಿ ಕೊಡುವುದು. ಅದಕ್ಕೆ ಅಡಾಪ್ಟರ್ (ಲೈಬ್ರರಿ ಮಾಡುವಾಗ ಅಂಟಿಸಿದ ತುದಿ) ಮಾತ್ರ ತೆಗೆದ, ಪೂರ್ತಿ ಉದ್ದದ ರೀಡ್ ಬೇಕು.

ಹನ್ನೆರಡು ಸಾವಿರ ಬೇಸ್ ಉದ್ದಕ್ಕೂ ವ್ಯತ್ಯಾಸ ಕಂಡರೆ

ಎರಡು ತಳಿಗಳ ಪೂರ್ತಿ ಜೀನೋಮನ್ನು ಜೋಡಿಸಿ ನೋಡಿದಾಗ ಒಂದು ಕಡೆ ಮಾತ್ರ ಸಾಲುಸಾಲಾಗಿ ವ್ಯತ್ಯಾಸ, ಉಳಿದೆಡೆ ಶಾಂತ. ಆ ಸಾಲಿನ ಉದ್ದ ಅಳೆಯಿರಿ. ಸುಮಾರು 12,300 ಬಂದರೆ ಚಿಕ್ಕ ಒಂಟಿ ಪ್ರತಿ ಭಾಗ ಒಂದು ತಳಿಯಲ್ಲಿ ತಲೆಕೆಳಗಾಗಿ ಬರೆಯಲ್ಪಟ್ಟಿದೆ. ತಳಿಯಲ್ಲಿ ಏನೂ ಬದಲಾಗಿಲ್ಲ. ಒಂದೇ ಗಿಡದೊಳಗೆ ಈ ಭಾಗ ಎರಡೂ ದಿಕ್ಕಿನಲ್ಲಿ ಇರುತ್ತದೆ. ಇನ್ವರ್ಟೆಡ್ ರಿಪೀಟ್‌ಗಳ ನಡುವಿನ ಮರುಸಂಯೋಜನೆಯಿಂದ ಇದು ಅತ್ತಿತ್ತ ತಿರುಗುತ್ತಲೇ ಇರುತ್ತದೆ ಎನ್ನುವುದನ್ನು 1983ರಲ್ಲೇ ಹುರುಳಿಕಾಯಿ ಗಿಡದಲ್ಲಿ ತೋರಿಸಲಾಗಿತ್ತು. 350 ಬೇಸಿನ ತುಣುಕುಗಳು 20,799 ಬೇಸಿನ ರಿಪೀಟನ್ನು ದಾಟಲಾರವು, ಆದ್ದರಿಂದ ಗೆಟ್‌ಆರ್ಗನೆಲ್ ಎರಡು ಉತ್ತರ ಕೊಡುತ್ತದೆ, ಎರಡೂ ಸರಿ. ಒಂದು ತಳಿಗೆ ಮೊದಲನೆಯದನ್ನೂ ಇನ್ನೊಂದಕ್ಕೆ ಎರಡನೆಯದನ್ನೂ ಆರಿಸಿದ್ದೇ ತಪ್ಪು. ಇದನ್ನು ವಿಕಾಸದ ಹಾದಿಯಲ್ಲಾದ ಇನ್ವರ್ಷನ್ ಎಂದು ಬರೆದ ಪ್ರಬಂಧಗಳೂ ಇವೆ, ಆದ್ದರಿಂದ ಸಂಕೋಚ ಬೇಡ, ಸರಿಪಡಿಸಿದರೆ ಸಾಕು.

ಪರೀಕ್ಷೆಗೆ ಡಾಟ್ ಪ್ಲಾಟ್ (ಎರಡು ಜೀನೋಮ್‌ಗಳ ಹೊಂದಿಕೆಯನ್ನು ಚುಕ್ಕಿಗಳಲ್ಲಿ ತೋರಿಸುವ ಚಿತ್ರ) ಒಂದೇ ಸಾಕು. ಓರೆಗೆರೆಯ ನಡುವೆ ಒಂದು ತುಂಡು ಅಡ್ಡ ದಿಕ್ಕಿಗೆ ತಿರುಗಿ ನಿಂತಿರುತ್ತದೆ. ಆ ತುಂಡನ್ನು ರೆಫರೆನ್ಸ್‌ನ ದಿಕ್ಕಿಗೆ ತಿರುಗಿಸಿ ಬರೆಯಿರಿ. ಹಾಗೆಯೇ ವೃತ್ತದ ಆರಂಭ ಬಿಂದುವನ್ನೂ ಎಲ್ಲ ತಳಿಗಳಲ್ಲಿ ಒಂದೇ ಕಡೆ ಇಡಿ: ದೊಡ್ಡ ಒಂಟಿ ಪ್ರತಿ ಭಾಗದ ಮೊದಲ ಬೇಸ್, ಪಿಎಸ್‌ಬಿಎ ಜೀನ್ ಇರುವ ತುದಿ. ತಂಬಾಕಿನ ನಕ್ಷೆ ನೋಡಿ ಕಲಿತವರು ಟ್ರಾನ್ಸ್‌ಫರ್ ಆರ್‌ಎನ್‌ಎ ಎಚ್ ಜೀನನ್ನು ಆರಂಭದ ಗುರುತಾಗಿ ಹುಡುಕುತ್ತಾರೆ. ಹುಲ್ಲಿನ ಜಾತಿಯಲ್ಲಿ ಅದು ರಿಪೀಟ್ ಒಳಗೆ ಸೇರಿಹೋಗಿದೆ, ಎರಡು ಕಡೆ ಸಿಗುತ್ತದೆ.

ರಿಪೀಟ್ ಭಾಗದಲ್ಲಿ ಒಂದೂ ವ್ಯತ್ಯಾಸ ಕಾಣದಿದ್ದರೆ

ಇದು ದೋಷ ಎಂದೇ ಅನಿಸುವುದಿಲ್ಲ, ಅದೇ ಅಪಾಯ. ಬಿಡಬ್ಲ್ಯುಎ (ರೀಡ್‌ಗಳನ್ನು ರೆಫರೆನ್ಸ್ ಮೇಲೆ ಕೂರಿಸುವ, ಅಂದರೆ ಮ್ಯಾಪ್ ಮಾಡುವ ಸಾಫ್ಟ್‌ವೇರ್) ಒಂದು ರೀಡಿಗೆ ಎರಡು ಸಮಾನ ಜಾಗ ಸಿಕ್ಕಿದರೆ ಯಾವುದೋ ಒಂದು ಕಡೆ ಇಟ್ಟು ಮ್ಯಾಪಿಂಗ್ ಗುಣಾಂಕ ಸೊನ್ನೆ ಕೊಡುತ್ತದೆ. ಮುಂದಿನ ಹಂತದಲ್ಲಿ 20ಕ್ಕಿಂತ ಕಡಿಮೆ ಗುಣಾಂಕದ ರೀಡ್‌ಗಳನ್ನು ಜರಡಿ ಹಿಡಿದರೆ 41,598 ಬೇಸ್ ಸದ್ದಿಲ್ಲದೆ ಖಾಲಿಯಾಗುತ್ತದೆ. ರಿಪೀಟ್ ಭಾಗದಲ್ಲಿ ವ್ಯತ್ಯಾಸ ನಿಜವಾಗಿಯೂ ಕಡಿಮೆಯೇ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ.

ಪರಿಹಾರ: ರೆಫರೆನ್ಸ್‌ನಿಂದ ಒಂದು ರಿಪೀಟನ್ನು ಕತ್ತರಿಸಿ ತೆಗೆಯಿರಿ. ಉಳಿಯುವುದು 113,726 ಬೇಸ್. ಅದಕ್ಕೆ ಮ್ಯಾಪ್ ಮಾಡಿದಾಗ ಉಳಿದ ರಿಪೀಟ್‌ನಲ್ಲಿ ಡೆಪ್ತ್ ಇಮ್ಮಡಿಯಾಗಿ ಮೆಟ್ಟಿಲಿನಂತೆ ಏರಬೇಕು. ಏರದಿದ್ದರೆ ಕತ್ತರಿಸಿದ ಜಾಗ ತಪ್ಪಿದೆ. ಕತ್ತರಿಸಿದ ಅಂಚುಗಳಲ್ಲೂ ವೃತ್ತವನ್ನು ಬಿಡಿಸಿದ ತುದಿಯಲ್ಲೂ ರೀಡ್‌ಗಳು ಅರ್ಧ ಮಾತ್ರ ಕೂರುತ್ತವೆ. ಅಲ್ಲಿಂದ 150 ಬೇಸ್ ಒಳಗಿನ ವ್ಯತ್ಯಾಸಗಳನ್ನು ಪಟ್ಟಿಗೆ ಸೇರಿಸಬೇಡಿ, ಜೋಡಿಸಿದ ಜೀನೋಮಿನಿಂದ ಬೇರೆಯಾಗಿ ನೋಡಿ.

ಎರಡೂ ರಿಪೀಟ್ ಇಟ್ಟುಕೊಂಡೇ ಕೆಲಸ ಮಾಡಿ, ಒಂದರಲ್ಲಿ ವ್ಯತ್ಯಾಸವಿದೆ ಇನ್ನೊಂದರಲ್ಲಿಲ್ಲ ಎಂಬ ಫಲಿತಾಂಶ ಬಂದರೆ ಅದು ಮ್ಯಾಪಿಂಗ್‌ನ ಆಟ. ಜೀನ್ ಕನ್ವರ್ಷನ್ (ಒಂದು ಪ್ರತಿ ಇನ್ನೊಂದನ್ನು ತಿದ್ದುವ ಕ್ರಿಯೆ) ಆ ಎರಡು ಪ್ರತಿಗಳನ್ನು ಒಂದೇ ಸಮ ಮಾಡುತ್ತಾ ಇರುತ್ತದೆ.

ಅರ್ಧಂಬರ್ಧ ವ್ಯತ್ಯಾಸಗಳು

ಹೆಚ್ಚು ಸಮಯ ತಿನ್ನುವುದು ಇದು. ಒಂದು ಜಾಗದಲ್ಲಿ 100ಕ್ಕೆ 100 ರೀಡ್ ಹೊಸ ಬೇಸ್ ತೋರಿಸಬೇಕು, ಇಲ್ಲವೇ ಒಂದೂ ತೋರಿಸಬಾರದು. ಆದರೆ ಪಟ್ಟಿಯಲ್ಲಿ 4 ಶೇಕಡ, 11 ಶೇಕಡ, 38 ಶೇಕಡ ಎಂದೆಲ್ಲ ಇರುತ್ತದೆ.

ಮೊದಲು ನೋಡಬೇಕಾದ್ದು ಪ್ಲಾಯ್ಡಿ, ಅಂದರೆ ಜೀನೋಮಿನ ಪ್ರತಿಗಳ ಸಂಖ್ಯೆ. ವೇರಿಯಂಟ್ ಕಾಲರ್‌ಗಳು (ವ್ಯತ್ಯಾಸಗಳ ಪಟ್ಟಿ ಮಾಡುವ ಸಾಫ್ಟ್‌ವೇರ್) ತಾವಾಗಿಯೇ ಡಿಪ್ಲಾಯ್ಡ್ (ಎರಡು ಪ್ರತಿ) ಎಂದು ಊಹಿಸುತ್ತವೆ. ಹಾಗೆ ಬಿಟ್ಟರೆ ಕ್ಲೋರೋಪ್ಲಾಸ್ಟ್‌ನಲ್ಲಿ 'ಹೆಟಿರೋಜೈಗಸ್' (ಎರಡು ಬೇಸ್ ಬೆರೆತ) ಜಾಗಗಳು ಹುಟ್ಟಿಕೊಳ್ಳುತ್ತವೆ. ಪ್ಲಾಯ್ಡಿ 1 ಕೊಡಿ. ಬಿಸಿಎಫ್‌ಟೂಲ್ಸ್ ಎಂಬ ಕಾಲರ್ ಬಳಸುವವರು ಡೆಪ್ತ್ ಮಿತಿಯನ್ನೂ ಏರಿಸಬೇಕು. ಅದರ ಮಾಮೂಲಿ ಮಿತಿ 250, ನಿಮ್ಮಲ್ಲಿರುವುದು 740. ಮಿತಿ ಹಾಗೇ ಬಿಟ್ಟರೆ ಅನುಪಾತ ಲೆಕ್ಕ ಕೆಡುತ್ತದೆ.

ಪ್ಲಾಯ್ಡಿ 1 ಕೊಟ್ಟ ಮಾತ್ರಕ್ಕೆ ಸಮಸ್ಯೆ ಮಾಯವಾಗುವುದಿಲ್ಲ, ಮರೆಯಾಗುತ್ತದೆ. ಕಾಲರ್ ಬಹುಮತ ನೋಡಿ ಒಂದನ್ನು ಆರಿಸಿಬಿಡುತ್ತದೆ. ಆದ್ದರಿಂದ ಪ್ರತಿ ಜಾಗದ ಅನುಪಾತವನ್ನೂ ಪಟ್ಟಿಯಲ್ಲಿ ಉಳಿಸಿಕೊಳ್ಳಿ; 90 ಶೇಕಡಕ್ಕಿಂತ ಹೆಚ್ಚಿದ್ದರೆ ಒಪ್ಪಿ, 10ರಿಂದ 90ರ ನಡುವಿನದನ್ನು ಕಣ್ಣಾರೆ ನೋಡಿ. ನೋಡುವಾಗ ಕೇಳಬೇಕಾದ್ದು ಎರಡೇ: ಅನುಪಾತ ಎಷ್ಟು, ಆ ಜಾಗಗಳು ಎಲ್ಲಿ ಹರಡಿವೆ?

ಅನುಪಾತ ಅರ್ಧ ಶೇಕಡಕ್ಕೂ ಕಡಿಮೆಯಿದ್ದರೆ ಅದು ನ್ಯೂಕ್ಲಿಯಸ್‌ನ ನೆರಳು. ಭತ್ತದ 10ನೇ ಕ್ರೋಮೋಸೋಮಿನಲ್ಲಿ ಕ್ಲೋರೋಪ್ಲಾಸ್ಟ್‌ನಿಂದ ಹೋಗಿ ಸೇರಿದ ಎರಡು ದೊಡ್ಡ ತುಂಡುಗಳಿವೆ, ಒಂದು 33 ಸಾವಿರ ಬೇಸ್, ಇನ್ನೊಂದು 131 ಸಾವಿರ ಬೇಸ್. ಎರಡನೆಯದು ಹೆಚ್ಚುಕಡಿಮೆ ಇಡೀ ಕ್ಲೋರೋಪ್ಲಾಸ್ಟ್. ಎರಡೂಕಾಲನ್ನು 740ರಿಂದ ಭಾಗಿಸಿದರೆ 0.3 ಶೇಕಡ. ಇದಕ್ಕೆ ಹೆದರಬೇಕಾಗಿಲ್ಲ, ಒಟ್ಟು ಅನುಪಾತದಲ್ಲಿ ಮುಳುಗಿಹೋಗುತ್ತದೆ. ಆದರೆ ಬೀಜದ ಡಿಎನ್‌ಎ ಬಳಸಿ ಕ್ಲೋರೋಪ್ಲಾಸ್ಟ್ ಡೆಪ್ತ್ 30ಕ್ಕೆ ಇಳಿದಿದ್ದರೆ ಅದೇ ನೆರಳು 7-8 ಶೇಕಡಕ್ಕೆ ಏರುತ್ತದೆ.

ಈ ನೆರಳನ್ನು ತೆಗೆಯಲು ನ್ಯೂಕ್ಲಿಯಸ್ ಜೀನೋಮನ್ನೂ ರೆಫರೆನ್ಸ್‌ಗೆ ಸೇರಿಸಿ ಮ್ಯಾಪ್ ಮಾಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಭತ್ತದಲ್ಲಿ ಹಾಗೆ ಮಾಡಬೇಡಿ. 10ನೇ ಕ್ರೋಮೋಸೋಮಿನ ತುಂಡು ಕ್ಲೋರೋಪ್ಲಾಸ್ಟ್‌ಗೆ ಎಷ್ಟು ಹತ್ತಿರ ಎಂದರೆ, ಕ್ಲೋರೋಪ್ಲಾಸ್ಟ್‌ನ ಅಸಲಿ ರೀಡ್‌ಗಳಿಗೇ ಎರಡು ಜಾಗ ಸಿಕ್ಕು ಗುಣಾಂಕ ಸೊನ್ನೆಯಾಗುತ್ತದೆ. ಇಲಿಗೆ ಹೆದರಿ ಮನೆಗೇ ಬೆಂಕಿ ಇಟ್ಟಂತೆ.

ಅನುಪಾತ 3ರಿಂದ 10 ಶೇಕಡ, ಮತ್ತು ಆ ಜಾಗಗಳು ಜೀನೋಮಿನ ತುಂಬ ಹರಡದೆ ಕೆಲವೇ ತೇಪೆಗಳಲ್ಲಿ ಗುಂಪುಗೂಡಿದ್ದರೆ ಮೈಟೋಕಾಂಡ್ರಿಯಕ್ಕೆ ಹೋದ ತುಣುಕುಗಳು. ಮೊದಲೇ ಅಳೆದಿಟ್ಟ ಮೈಟೋಕಾಂಡ್ರಿಯ ಡೆಪ್ತನ್ನು ಕ್ಲೋರೋಪ್ಲಾಸ್ಟ್ ಡೆಪ್ತ್‌ನಿಂದ ಭಾಗಿಸಿ. ಅನುಪಾತ ಹೊಂದಿದರೆ ರೋಗ ಸಿಕ್ಕಿತು. ಖಚಿತವಾಗಬೇಕೆಂದರೆ ಆ ರೀಡ್‌ಗಳ ಜೋಡಿಯನ್ನು ನೋಡಿ, ಕೆಲವುದರ ಇನ್ನೊಂದು ತುದಿ ಮೈಟೋಕಾಂಡ್ರಿಯದಲ್ಲೇ ಬೀಳುತ್ತದೆ.

ಅನುಪಾತ 20, 35, 40 ಶೇಕಡ ಇದ್ದು, ಜೀನೋಮಿನ ಎಲ್ಲ ಕಡೆಯೂ ಒಂದೇ ಅಂಕಿ ಬರುತ್ತಿದ್ದರೆ ಎರಡು ಕ್ಲೋರೋಪ್ಲಾಸ್ಟ್‌ಗಳು ಬೆರೆತಿವೆ. ಹೆಟಿರೋಪ್ಲಾಸ್ಮಿ (ಒಂದೇ ಗಿಡದಲ್ಲಿ ಎರಡು ಬಗೆಯ ಕ್ಲೋರೋಪ್ಲಾಸ್ಟ್) ಎಂಬ ಆಕರ್ಷಕ ಪದ ಇಲ್ಲಿ ನಾಲಗೆಗೆ ಬರುತ್ತದೆ, ತಡೆದುಕೊಳ್ಳಿ. ಭತ್ತದಲ್ಲಿ ಕ್ಲೋರೋಪ್ಲಾಸ್ಟ್ ತಾಯಿಯಿಂದ ಬರುವಂಥದ್ದು, ಒಂದು ಗಿಡದಲ್ಲಿ 30-40 ವ್ಯತ್ಯಾಸಗಳು ಒಟ್ಟಾಗಿ ಅದೇ ಅನುಪಾತದಲ್ಲಿ ಬೆರೆತು ನಿಲ್ಲುವುದಕ್ಕಿಂತ ಟ್ಯೂಬ್‌ನಲ್ಲಿ ಎರಡು ಗಿಡ ಬೆರೆತಿರುವ ಸಾಧ್ಯತೆ ಬಹಳ ಹೆಚ್ಚು. ನಾಟಿ ತಳಿಗಳಲ್ಲಿ ಇದು ಸುಲಭವಾಗಿ ಆಗುತ್ತದೆ: ಕಗ್ಗದಂಥ ತಳಿಯ ಗದ್ದೆಯಿಂದ ಹತ್ತು ಗಿಡಗಳ ಗರಿ ಒಟ್ಟಿಗೆ ಅರೆದರೆ ಹತ್ತು ತಾಯಿಬೇರುಗಳನ್ನು ಅರೆದಂತೆ. ಒಂದು ಗಿಡ, ಒಂದು ಟ್ಯೂಬ್, ಒಂದು ಸಂಖ್ಯೆ. ಗಿಡಗಳು ಬೇರೆಬೇರೆ ಎಂದು ಖಾತ್ರಿಯಿದ್ದೂ 1 ಶೇಕಡ ಆಸುಪಾಸಿನ ಬೆರಕೆ ಎಲ್ಲ ಮಾದರಿಗಳಲ್ಲೂ ಕಂಡರೆ ಇಂಡೆಕ್ಸ್ ಜಿಗಿತ (ಮಾದರಿ ಗುರುತಿಸುವ ಡಿಎನ್‌ಎ ಚೀಟಿ ಬೇರೆ ಮಾದರಿಗೆ ಹತ್ತುವುದು). ಮುಂದಿನ ಸಲ ಎರಡೂ ತುದಿಗೆ ಬೇರೆಬೇರೆ ಇಂಡೆಕ್ಸ್ ಹಾಕಿಸಿ.

ಒಂದೇ ಅಕ್ಷರದ ಸಾಲುಗಳು

ಎ ಅಥವಾ ಟಿ ಹತ್ತಕ್ಕೂ ಹೆಚ್ಚು ಸಲ ಸಾಲಾಗಿ ಬರುವ ಜಾಗಗಳು ಕ್ಲೋರೋಪ್ಲಾಸ್ಟ್‌ನಲ್ಲಿ ಬೇಕಾದಷ್ಟು. ಇವು ತಳಿಗಳ ನಡುವೆ ನಿಜಕ್ಕೂ ಬದಲಾಗುತ್ತವೆ, ಪಿಸಿಆರ್ ಮತ್ತು ಯಂತ್ರ ಎರಡೂ ಇಲ್ಲೇ ಮುಗ್ಗರಿಸುತ್ತವೆ. ಸಾಲನ್ನು ಪೂರ್ತಿ ದಾಟಿ ಎರಡೂ ಬದಿಯಲ್ಲಿ ಕನಿಷ್ಠ 10 ಬೇಸ್ ಹಿಡಿದಿರುವ ರೀಡ್‌ಗಳನ್ನು ಮಾತ್ರ ಎಣಿಸಿ. 80 ಶೇಕಡ ರೀಡ್ ಒಂದೇ ಉದ್ದ ಹೇಳಿದರೆ ನಂಬಿ. 11, 12, 13 ಎಂದು ಹಂಚಿಹೋದರೆ ಬಿಡಿ. ಹ್ಯಾಪ್ಲೋಟೈಪ್ ಜಾಲ (ತಳಿಗಳ ನಂಟಿನ ನಕ್ಷೆ) ಬಿಡಿಸುವಾಗ 8ಕ್ಕಿಂತ ಉದ್ದದ ಸಾಲುಗಳ ಸೇರ್ಪಡೆ-ಲೋಪಗಳನ್ನು ಹೊರಗಿಟ್ಟು ಒಮ್ಮೆ, ಸೇರಿಸಿ ಒಮ್ಮೆ ಬಿಡಿಸಿ. ಎರಡರ ಆಕಾರ ಬೇರೆಯಾದರೆ ಮೊದಲನೆಯದನ್ನೇ ಇಟ್ಟುಕೊಳ್ಳಿ. ನ್ಯಾನೋಪೋರ್ ಯಂತ್ರದ ಡೇಟಾ ಒಂದನ್ನೇ ನೆಚ್ಚಿ ಈ ಜಾಗಗಳ ಬಗ್ಗೆ ಏನನ್ನೂ ಬರೆಯಬೇಡಿ.

ಎಲ್ಲ ಮಾದರಿಗಳಲ್ಲೂ ಅದೇ ವ್ಯತ್ಯಾಸ

60 ತಳಿ ಓದಿದಿರಿ, 60ರಲ್ಲೂ ಅದೇ ಜಾಗದಲ್ಲಿ ಅದೇ ಬೇಸ್, ಜಪೋನಿಕಾ ತಳಿಯಲ್ಲೂ ಅದೇ. ಬದಲಾಗಿರುವುದು ತಳಿಗಳಲ್ಲ, ರೆಫರೆನ್ಸ್ ತಪ್ಪಿದೆ. 1980ರ ದಶಕದ ಜೀನೋಮ್‌ಗಳನ್ನು ಕ್ಲೋನ್ ಮಾಡಿ ಕೈಯಿಂದ ಓದಿದ್ದು. 1986ರ ತಂಬಾಕಿನ ಕ್ಲೋರೋಪ್ಲಾಸ್ಟ್ 155,844 ಬೇಸ್ ಎಂದು ಪ್ರಕಟವಾಗಿ, ಮುಂದೆ ತಿದ್ದುಪಡಿಯಾಗಿ 155,943ಕ್ಕೆ ನಿಂತಿತು. ಇಂಥ ಜಾಗಗಳನ್ನು ಪ್ರಭೇದದೊಳಗಿನ ವ್ಯತ್ಯಾಸದ ಎಣಿಕೆಯಿಂದ ಕಳೆಯಿರಿ, ಅಥವಾ ನಿಮ್ಮದೇ ಒಂದು ಚೆನ್ನಾಗಿ ಜೋಡಿಸಿದ ತಳಿಯನ್ನು ರೆಫರೆನ್ಸ್ ಮಾಡಿಕೊಳ್ಳಿ.

ಜೀನ್ ಪಟ್ಟಿಯಲ್ಲೂ ಹೀಗೇ ಸುಳ್ಳು ದೂರುಗಳು ಬರುತ್ತವೆ. ವೈಸಿಎಫ್1, ವೈಸಿಎಫ್2 ಇಲ್ಲ, ಕ್ಲಿಪ್‌ಪಿ ಜೀನಿನಲ್ಲಿ ಇಂಟ್ರಾನ್ (ಜೀನಿನ ನಡುವೆ ಬಂದು ಕತ್ತರಿಸಿಹೋಗುವ ತುಂಡು) ಇಲ್ಲ ಎಂದು ಸಾಫ್ಟ್‌ವೇರ್ ಗದ್ದಲ ಮಾಡಿದರೆ ಕಿವಿಗೊಡಬೇಡಿ. ಹುಲ್ಲಿನ ಕುಟುಂಬ ಇವನ್ನು ಎಂದೋ ಕಳೆದುಕೊಂಡಿದೆ. ಆದರೆ ಪೆಟ್‌ಬಿ, ಪೆಟ್‌ಡಿ, ಆರ್‌ಪಿಎಲ್16 ಜೀನ್‌ಗಳ ಮೊದಲ ಎಕ್ಸಾನ್ (ಉಳಿದು ಬಳಕೆಯಾಗುವ ತುಂಡು) ಹತ್ತು ಬೇಸಿಗಿಂತ ಚಿಕ್ಕದು, ಅದನ್ನು ಸಾಫ್ಟ್‌ವೇರ್ ಬಿಟ್ಟುಬಿಡುತ್ತದೆ. ಕೈಯಿಂದ ಸೇರಿಸಬೇಕು.

ತಳಿಯ ಹೆಸರಿಗೂ ಕ್ಲೋರೋಪ್ಲಾಸ್ಟ್‌ಗೂ ತಾಳೆಯಾಗದಿದ್ದರೆ

ಮಾದರಿ ಅದಲುಬದಲಾಗಿದೆಯೇ ಎಂದು ನೋಡಲು ಭತ್ತದಲ್ಲಿ ಒಂದು ಹಳೆಯ, ಅಗ್ಗದ ಗುರುತಿದೆ: ಓಆರ್‌ಎಫ್100 ಎಂಬ ಭಾಗದಲ್ಲಿ 69 ಬೇಸಿನ ಲೋಪ. ಇಂಡಿಕಾ ಬಗೆಯ ಕ್ಲೋರೋಪ್ಲಾಸ್ಟ್‌ನಲ್ಲಿ ಸಾಮಾನ್ಯವಾಗಿ ಈ ಲೋಪ ಇರುತ್ತದೆ, ಜಪೋನಿಕಾ ಬಗೆಯಲ್ಲಿ ಇರುವುದಿಲ್ಲ. ಎರಡು ಬದಿಗೆ ಪ್ರೈಮರ್ ಇಟ್ಟು ಪಿಸಿಆರ್ ಮಾಡಿ 3 ಶೇಕಡ ಅಗರೋಸ್‌ನಲ್ಲಿ ಓಡಿಸಿದರೆ ಬರಿಗಣ್ಣಿಗೇ ಕಾಣುತ್ತದೆ. ಎರಡು ಪಟ್ಟೆ ಬಂದರೆ ಮೇಲೆ ಹೇಳಿದ ಬೆರಕೆ. ಸೀಕ್ವೆನ್ಸ್ ಡೇಟಾದಲ್ಲಿ ಇದನ್ನು ಹುಡುಕುವಾಗ ಎಚ್ಚರ: 150 ಬೇಸಿನ ರೀಡಿಗೆ 69ರ ಲೋಪ ದೊಡ್ಡದು, ಬಿಡಬ್ಲ್ಯುಎ ರೀಡಿನ ತುದಿಯನ್ನು ಮಡಚಿಬಿಡುತ್ತದೆ. ಪಟ್ಟಿಯಲ್ಲಿ ಲೋಪದ ಬದಲು ಅಂಚಿನಲ್ಲಿ ಮೂರು-ನಾಲ್ಕು ಸುಳ್ಳು ಒಂಟಿ ಬೇಸ್ ವ್ಯತ್ಯಾಸಗಳು ಕೂತಿರುತ್ತವೆ. ಐದು ಬೇಸಿನೊಳಗೆ ಮೂರು ವ್ಯತ್ಯಾಸ ಒತ್ತಾಗಿ ಕಂಡಲ್ಲೆಲ್ಲ ಡೆಪ್ತ್ ಕುಸಿದಿದೆಯೇ ಎಂದು ನೋಡಿ.

ಗುರುತು ತಾಳೆಯಾಗಲಿಲ್ಲ ಎಂದ ಮಾತ್ರಕ್ಕೆ ಟ್ಯೂಬ್ ಬದಲಾಗಿದೆ ಎಂದೂ ಅಲ್ಲ. ಪಿಎ64ಎಸ್ ನೋಡಲು ಇಂಡಿಕಾದಂತಿದ್ದರೂ ಕ್ಲೋರೋಪ್ಲಾಸ್ಟ್ ಜಪೋನಿಕಾದ್ದು. ಹೈಬ್ರಿಡ್‌ಗಳಲ್ಲಂತೂ ಇದನ್ನು ಮೊದಲೇ ಯೋಚಿಸಬೇಕು. ಮಂಡ್ಯದಿಂದ ಬಂದ ಕೆಆರ್‌ಎಚ್-2 ಹೈಬ್ರಿಡ್‌ನ ತಾಯಿ ಐಆರ್58025ಎ, ತಂದೆ ಕೆಎಂಆರ್-3. ಕೆಆರ್‌ಎಚ್-2ರ ಗರಿಯಲ್ಲಿ ಸಿಗುವ ಕ್ಲೋರೋಪ್ಲಾಸ್ಟ್ ಐಆರ್58025ಎದು, ಅಂದರೆ ಕಾಡುಭತ್ತದ ಮೂಲದ ಗಂಡುಬಂಜೆ ಸೈಟೋಪ್ಲಾಸಂ (ಕೋಶದಲ್ಲಿ ನ್ಯೂಕ್ಲಿಯಸ್‌ನ ಹೊರಗಿನ ಭಾಗ) ಜೊತೆ ಬಂದದ್ದು. ಅದನ್ನು ಕೆಎಂಆರ್-3ರ ಜೊತೆ ಹೋಲಿಸಿ ಹೊಂದಲಿಲ್ಲ ಎಂದು ಮಾದರಿ ಎಸೆಯಬೇಡಿ. ಐಆರ್58025ಎ ಮತ್ತು ಅದರ ಜೋಡಿ ಐಆರ್58025ಬಿ ನ್ಯೂಕ್ಲಿಯಸ್‌ನಲ್ಲಿ ಒಂದೇ, ಸೈಟೋಪ್ಲಾಸಂನಲ್ಲಿ ಬೇರೆ. ಇವೆರಡರ ಗರಿಯನ್ನು ಪ್ರತಿ ಬ್ಯಾಚಿನಲ್ಲೂ ಪಕ್ಕಪಕ್ಕದ ಬಾವಿಗಳಲ್ಲಿ ಹಾಕಿ. ಎರಡೂ ಒಂದೇ ಫಲಿತಾಂಶ ಕೊಟ್ಟ ದಿನ ಇಡೀ ಪ್ಲೇಟನ್ನು ಮೊದಲಿನಿಂದ ಪರಿಶೀಲಿಸಿ.